ಜಗಳ ಬಿಡಿಸುವ ಮೊದಲು ಕೆಲಸ ಬಿಡಿಸಿ ಬರೆಯಿರಿ: ಪತ್ತಿನ ಸಹಕಾರಿ ಸಂಘಗಳಿಗೊಂದು ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಬಹುತೇಕ ದೊಡ್ಡ ಊರುಗಳಲ್ಲಿ ಒಂದು ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಇರುತ್ತದೆ, ಅದರ ಪಕ್ಕದ ಓಣಿಯಲ್ಲಿ ಒಂದೆರಡು ಸೌಹಾರ್ದ ಸಹಕಾರಿಗಳ ಬೋರ್ಡು ಕಾಣುತ್ತವೆ. ಒಳಗೆ ಎಂಟರಿಂದ ಇಪ್ಪತ್ತೈದು ಜನ ಸಿಬ್ಬಂದಿ, ಮೇಲೆ ಆಡಳಿತ ಮಂಡಳಿ, ಕೌಂಟರಿನಾಚೆ ಉತಾರ (ಪಹಣಿ) ಹಿಡಿದು ನಿಂತ ಸದಸ್ಯರು. ಇಲ್ಲಿ ಇಬ್ಬರು ನೌಕರರು ಮಾತು ಬಿಟ್ಟರೆ ಅದು ಅವರಿಬ್ಬರ ನಡುವೆ ಉಳಿಯುವುದಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲು ಎಂಟು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಹೊಲದ ಹದ ಆರಿರುತ್ತದೆ.

"ಅವರಿಬ್ಬರಿಗೂ ಆಗಿಬರೂದಿಲ್ರಿ" ಎಂದು ಎಲ್ಲರೂ ಹೇಳುವ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಸ್ವಭಾವದಿಂದಲ್ಲ. ಯಾವ ಕೆಲಸ ಯಾರದು, ಯಾವ ಹೊತ್ತಿಗೆ ಮುಗಿಯಬೇಕು, ಕೊನೆಯ ಮಾತು ಯಾರದು ಎಂದು ಬರೆಯದೆ ಬಿಟ್ಟ ಕಡೆ ಅವು ಹುಟ್ಟುತ್ತವೆ. ಮನುಷ್ಯರನ್ನು ತಿದ್ದಲು ಹೊರಟರೆ ವರ್ಷಗಟ್ಟಲೆ ಹಿಡಿಯುತ್ತದೆ, ಕೆಲಸದ ಹಾದಿ ತಿದ್ದಲು ಆರು ವಾರ ಸಾಕು. ಆದ್ದರಿಂದ ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ.

ಮೊದಲ ಎರಡು ವಾರ: ನೋಡಿ, ತೀರ್ಪು ಕೊಡಬೇಡಿ

ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಹನ್ನೆರಡು ಕೆಲಸದ ದಿನ, ಕಚೇರಿಯಲ್ಲಿ ಎಲ್ಲೆಲ್ಲಿ ಕೆಲಸ ನಿಂತಿತು ಎಂಬುದನ್ನಷ್ಟೇ ಬರೆಯಿರಿ: ತಾರೀಕು, ಹೊತ್ತು, ಯಾವ ಕಡತ ಅಥವಾ ವೋಚರ್, ಯಾರ ಮೇಜಿನಿಂದ ಯಾರ ಮೇಜಿಗೆ ಹೋಗಬೇಕಿತ್ತು, ಎಷ್ಟು ಹೊತ್ತು ಕಾಯಿತು. ಯಾರು ಕೂಗಾಡಿದರು, ಯಾರು ಮುಖ ತಿರುವಿದರು ಎಂಬುದು ಈ ಪುಸ್ತಕದಲ್ಲಿ ಬೇಡ. ಹನ್ನೆರಡನೆಯ ದಿನ ಎಣಿಸಿ. ಒಂದೇ ಎರಡು ಮೇಜುಗಳ ನಡುವೆ ನಾಲ್ಕೈದು ಸಲ ಕೆಲಸ ನಿಂತಿದ್ದರೆ, ಅಲ್ಲಿ ಯಾರು ಕೂತಿದ್ದರೂ ಜಗಳ ಹುಟ್ಟುತ್ತಿತ್ತು ಎಂದು ತಿಳಿಯಿರಿ. ಇದಕ್ಕೊಂದು ಸುಲಭದ ಪರೀಕ್ಷೆಯೂ ಇದೆ: ಹಿಂದೆ ಆ ಕುರ್ಚಿಯಲ್ಲಿದ್ದವರಿಗೂ ಇದೇ ತಕರಾರು ಇತ್ತೇ ಎಂದು ಹಳಬರನ್ನು ಕೇಳಿ. ಇತ್ತು ಎಂದಾದರೆ ದೋಷ ಕುರ್ಚಿಯದು.

ಈ ಪುಸ್ತಕ ಬರೆಯುವವರು ಯಾರು? ಕಾರ್ಯದರ್ಶಿ (ಈಗ ಮುಖ್ಯ ಕಾರ್ಯನಿರ್ವಾಹಕ ಎನ್ನುತ್ತಾರೆ) ಬರೆಯಬಹುದು. ಆದರೆ ಜಗಳದ ಒಂದು ಕಡೆ ಅವರೇ ಇದ್ದರೆ, ಸಾಲ ಮಂಜೂರಿಯಲ್ಲಿ ಕೈ ಹಾಕದ ಒಬ್ಬ ನಿರ್ದೇಶಕರಿಗೋ ಪಕ್ಕದ ತಾಲ್ಲೂಕಿನ ಸಂಘದ ನಿವೃತ್ತ ಕಾರ್ಯದರ್ಶಿಗೋ ಒಪ್ಪಿಸುವುದು ಒಳ್ಳೆಯದು. ಅಧ್ಯಕ್ಷರ ಆಪ್ತರು ಬರೆದ ಪುಸ್ತಕವನ್ನು ಯಾರೂ ನಂಬುವುದಿಲ್ಲ.

ಒಬ್ಬೊಬ್ಬರೊಡನೆ ಮಾತು

ಮೂರನೆಯ ವಾರ ಪ್ರತಿಯೊಬ್ಬ ಸಿಬ್ಬಂದಿಯೊಡನೆ ನಲವತ್ತು ನಿಮಿಷ ಕೂತು ಮಾತಾಡಿ. ಸಿಪಾಯಿ, ಗೊಬ್ಬರದ ಗೋದಾಮು ನೋಡುವವರು, ಪಿಗ್ಮಿ ಏಜೆಂಟರು (ದಿನದ ಸಣ್ಣ ಉಳಿತಾಯ ಸಂಗ್ರಹಿಸುವವರು) ಎಲ್ಲರೂ ಇದರಲ್ಲಿ ಸೇರಬೇಕು. ಸಂಘದ ಬಗ್ಗೆ ಪಿಗ್ಮಿ ಏಜೆಂಟರಿಗೆ ತಿಳಿದಿರುವಷ್ಟು ಒಳಗೆ ಕೂತವರಿಗೆ ತಿಳಿದಿರುವುದಿಲ್ಲ, ದಿನಾ ನೂರು ಅಂಗಡಿ ಹತ್ತಿ ಇಳಿಯುವವರು ಅವರು. ಅಧ್ಯಕ್ಷರ ಕೋಣೆ ಬೇಡ. ಗೋದಾಮಿನ ಕಟ್ಟೆಯೋ ಸಭಾಭವನದ ಮೂಲೆಯೋ ಆಗಬಹುದು, ಬಾಗಿಲು ತೆರೆದಿರಲಿ, ಮಾತು ಹೊರಗೆ ಕೇಳದಿರಲಿ.

ನಾಲ್ಕೇ ಪ್ರಶ್ನೆ ಕೇಳಿ. ನಿಮ್ಮ ಕೆಲಸ ಎಲ್ಲಿ ನಿಲ್ತದ? ಯಾರಿಂದ ಏನು, ಯಾವ ಹೊತ್ತಿಗೆ ಸಿಕ್ಕರ ನಿಮಗ ಹಗುರ ಆಗ್ತದ? ನಿಮ್ಮಿಂದ ಯಾರಿಗೆ ತಡ ಆಗ್ತದ? ಮತ್ತೆ ಕೊನೆಗೆ, ನೀವು ರಜಾ ಹಾಕಿದ ದಿವಸ ನಿಮ್ಮ ಕೆಲಸ ಯಾರು ಮಾಡ್ತಾರ? ಮೂರನೆಯ ಪ್ರಶ್ನೆಗೆ ಉತ್ತರ ತಡವಾಗಿ ಬರುತ್ತದೆ, ಅವಸರ ಮಾಡದೆ ಕಾಯಿರಿ. ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆ ಮರಾಠಿ ಮನೆಮಾತಿನ ಸಿಬ್ಬಂದಿ ಇದ್ದರೆ ಅವರಿಗೆ ಯಾವ ಮಾತಿನಲ್ಲಿ ಮನಸ್ಸು ಬಿಚ್ಚುವುದು ಸುಲಭವೋ ಅದರಲ್ಲೇ ಮಾತಾಡಲಿ, ಟಿಪ್ಪಣಿ ನೀವು ಕನ್ನಡದಲ್ಲಿ ಬರೆದುಕೊಳ್ಳಿ.

"ಇದನ್ನ ಯಾರಿಗೂ ಹೇಳೂದಿಲ್ಲ" ಎಂದು ಮಾತು ಕೊಡಬೇಡಿ. ಹಣ ದುರುಪಯೋಗದ ಸುದ್ದಿ ಬಂದರೆ ನೀವು ಹೇಳಲೇಬೇಕಾಗುತ್ತದೆ. "ನಿಮ್ಮ ಹೆಸರು ಹಾಕದ ವಿಷಯ ಎತ್ತತೀನಿ, ದುಡ್ಡಿನ ವಿಷಯ ಇದ್ರ ಮಾತ್ರ ಮುಚ್ಚಿಡಾಕ ಬರೂದಿಲ್ಲ" ಎಂದು ಮೊದಲೇ ಹೇಳಿಬಿಡಿ.

ಕೆಲಸದ ಹಾಳೆ

ಇಡೀ ಕ್ರಮದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ. ಸಂಘದ ಕೆಲಸಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಿ. ಸಣ್ಣ ಸಂಘದಲ್ಲೂ ಇಪ್ಪತ್ತೈದರಿಂದ ಮೂವತ್ತು ಬರುತ್ತವೆ. ಪ್ರತಿ ಕೆಲಸದ ಎದುರು ಐದು ಕಲಂ ಎಳೆಯಿರಿ: ಮಾಡುವವರು, ತಪಾಸಣೆ ಮಾಡುವವರು, ತೀರ್ಮಾನ ಕೊಡುವವರು, ತಿಳಿಸಬೇಕಾದವರು, ಮುಗಿಯಬೇಕಾದ ಹೊತ್ತು. ಮಾಡುವವರ ಕಲಮಿನಲ್ಲಿ ಒಂದೇ ಹೆಸರು ಇರಬೇಕು. ಎರಡು ಹೆಸರು ಬರೆದಿರೋ, ಅದು ಯಾರೂ ಮಾಡದ ಕೆಲಸವಾಗುತ್ತದೆ. ಮಾಡುವವರೂ ತಪಾಸಣೆ ಮಾಡುವವರೂ ಒಬ್ಬರೇ ಆಗಬಾರದು, ಸಂಘದಲ್ಲಿ ಮೂರೇ ಜನರಿದ್ದರೂ ಸರಿಯೇ.

ಬೆಳೆಸಾಲವನ್ನೇ ತೆಗೆದುಕೊಳ್ಳಿ. "ಬೆಳೆಸಾಲ ವಿತರಣೆ" ಎಂದು ಒಂದೇ ಸಾಲು ಬರೆದರೆ ಏನೂ ಬರೆದಂತಾಗಲಿಲ್ಲ. ಅರ್ಜಿ ಪಡೆಯುವುದು, ಉತಾರ ಮತ್ತು ಆಧಾರ್ ತಾಳೆ ನೋಡುವುದು, ಹಳೆಯ ಬಾಕಿ ಲೆಕ್ಕ ತೆಗೆಯುವುದು, ಸಾಲದ ಮಿತಿ ಪತ್ರಕ ತಯಾರಿಸುವುದು, ಮಂಡಳಿಯ ಠರಾವು (ನಿರ್ಣಯ), ಡಿಸಿಸಿ ಬ್ಯಾಂಕಿಗೆ (ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕ್) ಕಳಿಸುವುದು, ಮಂಜೂರಿ ಬಂದ ಮೇಲೆ ಸದಸ್ಯರಿಗೆ ತಿಳಿಸುವುದು, ವಿತರಣೆ, ಖತಾವಣಿಗೆ (ಖಾತೆವಾರು ಲೆಕ್ಕದ ಪುಸ್ತಕ) ಹಾಕುವುದು ಎಂದು ಒಂಬತ್ತು ಸಾಲಾದರೂ ಬೇಕು. ಕೆಲಸ ತಪ್ಪುವುದು ಸಾಮಾನ್ಯವಾಗಿ "ಸದಸ್ಯರಿಗೆ ತಿಳಿಸುವುದು" ಎಂಬ ಸಾಲಿನಲ್ಲಿ. ಅದು ಯಾರ ಕೆಲಸವೂ ಅಲ್ಲ ಎಂದು ಬಿಟ್ಟಿರುತ್ತಾರೆ, ರೈತ ನಾಲ್ಕು ಸಲ ಅಲೆದು ಕೊನೆಗೆ ಕೌಂಟರಿನಲ್ಲಿ ಸಿಕ್ಕವರ ಮೇಲೆ ಹರಿಹಾಯುತ್ತಾನೆ. ಬೈಸಿಕೊಂಡವರು ಒಳಗೆ ಬಂದು ಸಾಲದ ಕ್ಲರ್ಕಿನ ಮೇಲೆ ಹರಿಹಾಯುತ್ತಾರೆ.

ತಿಜೋರಿಯ ಎರಡು ಚಾವಿ ಇಬ್ಬರ ಬಳಿ ಇರಬೇಕೆಂಬುದು ಎಲ್ಲರಿಗೂ ಗೊತ್ತು, ಆದರೂ ಒಬ್ಬರು ರಜೆ ಹೋದಾಗ ಎರಡೂ ಒಂದೇ ಜೇಬಿಗೆ ಹೋಗುತ್ತವೆ. ಚಾವಿ ಕೈ ಬದಲಾದಾಗ ತಾರೀಕು, ಹೊತ್ತು, ಕೈಶಿಲ್ಕು (ಕೈಯಲ್ಲಿರುವ ನಗದು) ಬರೆದು ಇಬ್ಬರೂ ಸಹಿ ಮಾಡುವ ಪುಸ್ತಕ ಇಡಿ. ಇದರಿಂದ ಉಳಿಯುವುದು ಬರೀ ದುಡ್ಡಲ್ಲ, ಎರಡು ವರ್ಷದ ಮೇಲೆ ಒಬ್ಬರ ಮೇಲೊಬ್ಬರು ಸಂಶಯ ಪಡುವುದೂ ತಪ್ಪುತ್ತದೆ.

ಹಾಳೆ ತಯಾರಾದ ಮೇಲೆ ಎಲ್ಲ ಸಿಬ್ಬಂದಿಯನ್ನೂ ಕೂರಿಸಿ ಗಟ್ಟಿಯಾಗಿ ಓದಿ. "ಇದು ನನ್ನ ಕೆಲಸ ಅಲ್ಲ" ಎಂಬ ಮಾತು ಬರಲಿ, ಅದು ಬರಬೇಕಾದ ಜಾಗ ಅದೇ. ತಿದ್ದಿದ ಹಾಳೆಯನ್ನು ಮಂಡಳಿಯ ಸಭೆಯಲ್ಲಿ ಠರಾವು ಮಾಡಿಸಿ. ಠರಾವಿಲ್ಲದ ಹಾಳೆಗೆ ಅಧ್ಯಕ್ಷರು ಬದಲಾಗುವವರೆಗೆ ಮಾತ್ರ ಬೆಲೆ.

ತಂಡ ಕೂಡಿಬರುವುದು

ಸಿಬ್ಬಂದಿಯನ್ನೆಲ್ಲ ಗೋಕಾಕ ಫಾಲ್ಸಿಗೋ ಬಾದಾಮಿಗೋ ಒಂದು ದಿನ ಕರೆದುಕೊಂಡು ಹೋಗಿ ಊಟ ಹಾಕಿಸುವುದು ಒಳ್ಳೆಯದೇ. ಆದರೆ ಮರುದಿನ ವೋಚರ್ ಅದೇ ಮೇಜಿನ ಮೇಲೆ ನಿಲ್ಲುತ್ತದೆ. ಕೂಡಿ ಕೆಲಸ ಮಾಡುವ ರೂಢಿ ಬೆಳೆಯುವುದು ಸಣ್ಣ ಸಣ್ಣ ನೇಮಗಳಿಂದ.

ದಿನಾ ಕೌಂಟರ್ ತೆರೆಯುವ ಮೊದಲು ಹತ್ತು ನಿಮಿಷ ನಿಂತೇ ಮಾತಾಡಿ: ಇವತ್ತು ಯಾರು ರಜೆ, ಕೈಶಿಲ್ಕು ಎಷ್ಟು, ಯಾವ ದೊಡ್ಡ ಪಾವತಿ ಇದೆ. ವಾರಕ್ಕೊಮ್ಮೆ, ಸೋಮವಾರ ಕೌಂಟರ್ ಮುಚ್ಚಿದ ಮೇಲೆ ಇಪ್ಪತ್ತೈದು ನಿಮಿಷ ಕೂತು ಕಳೆದ ವಾರ ಎಲ್ಲಿ ಕೆಲಸ ನಿಂತಿತು ಎಂದಷ್ಟೇ ನೋಡಿ. ಸಭೆ ನಡೆಸುವವರು ಸರದಿಯಂತೆ ಬದಲಾಗಲಿ. ಕಾರ್ಯದರ್ಶಿಗಳು ಕೊನೆಗೆ ಮಾತಾಡಲಿ, ಅವರು ಮೊದಲು ಬಾಯಿ ತೆರೆದರೆ ಉಳಿದವರು ತಲೆಯಾಡಿಸಿ ಎದ್ದು ಹೋಗುತ್ತಾರೆ.

ಪ್ರತಿ ಕೆಲಸಕ್ಕೂ ಎರಡನೆಯವರೊಬ್ಬರು ತಯಾರಿರಬೇಕು. ತಿಂಗಳಿಗೆ ಎರಡು ದಿನ ಒಬ್ಬರು ಇನ್ನೊಬ್ಬರ ಮೇಜಿನಲ್ಲಿ ಕೂತು ಕೆಲಸ ಕಲಿಯಲಿ. ಇದಕ್ಕೆ ಹಿರಿಯರು ತಕರಾರು ತೆಗೆಯುತ್ತಾರೆ, ಏಕೆಂದರೆ ತನಗೊಬ್ಬನಿಗೇ ಗೊತ್ತಿರುವ ಕೆಲಸ ಅವರ ಮಟ್ಟಿಗೆ ನೌಕರಿಯ ಭದ್ರತೆ. ಅವರನ್ನು "ಕಲಿಸುವವರು" ಎಂದು ಹಾಳೆಯಲ್ಲೇ ಬರೆದು ಗೌರವ ಕೊಟ್ಟರೆ ಅರ್ಧ ತಕರಾರು ಇಳಿಯುತ್ತದೆ.

ಅಮೆರಿಕದ ಮನಃಶಾಸ್ತ್ರಜ್ಞ ಬ್ರೂಸ್ ಟಕ್ಮನ್ 1965ರಲ್ಲಿ ಹೇಳಿದ್ದೊಂದು ಮಾತು ಇಲ್ಲಿ ನೆನಪಿಡಬೇಕು. ಹೊಸ ತಂಡ ಕೂಡಿದ ಮೇಲೆ ಮೊದಲು ಸೌಜನ್ಯ, ಆಮೇಲೆ ತಿಕ್ಕಾಟ, ಅದಾದ ಮೇಲೆ ಕಟ್ಟುಪಾಡು, ಕೊನೆಗೆ ಕೆಲಸ ಕುದುರುತ್ತದೆ. ಹೊಸ ಶಾಖೆ ತೆರೆದು ಎರಡು ತಿಂಗಳಿಗೆ ವಾಗ್ವಾದ ಶುರುವಾದರೆ ಗಾಬರಿಯಾಗಿ ಸಿಬ್ಬಂದಿಯನ್ನು ವರ್ಗಾಯಿಸುವ ಮಂಡಳಿಗಳಿವೆ. ವರ್ಗಾಯಿಸಿದರೆ ತಂಡ ಮತ್ತೆ ಮೊದಲನೆಯ ಮೆಟ್ಟಿಲಿಗೆ ಬಂದು ನಿಲ್ಲುತ್ತದೆ.

ಬದಲಾವಣೆ: ಕಿರ್ದಿಯಿಂದ ಕಂಪ್ಯೂಟರಿಗೆ

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು, ನಬಾರ್ಡ್ (ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕ್) ಅದನ್ನು ನಡೆಸುತ್ತಿದೆ. ಯಂತ್ರ ಬಂದಿಳಿಯುವುದು ಒಂದು ದಿನದ ಕೆಲಸ. ಜನ ಅದಕ್ಕೆ ಒಗ್ಗುವುದೇ ನಿಜವಾದ ಕೆಲಸ.

ಮೂವತ್ತು ವರ್ಷ ಕಿರ್ದಿ (ದಿನದ ಜಮಾ-ಖರ್ಚಿನ ಪುಸ್ತಕ) ಬರೆದವರು ಕಂಪ್ಯೂಟರಿಗೆ ಹಿಂದೇಟು ಹಾಕಿದರೆ "ವಯಸ್ಸಾತು, ಕಲಿಯಾಕ ಬರೂದಿಲ್ಲ" ಎಂದು ಜನ ಹೇಳಿಬಿಡುತ್ತಾರೆ. ಕಾರಣ ಹಲವು ಸಲ ಬೇರೆಯೇ ಇರುತ್ತದೆ. ಷೇರು ಖತಾವಣಿಯ ಒಟ್ಟು ಮೊತ್ತಕ್ಕೂ ಅಡಾವೆ ಪತ್ರಿಕೆಯ (ಬ್ಯಾಲೆನ್ಸ್ ಶೀಟ್) ಅಂಕಿಗೂ ವರ್ಷಗಳಿಂದ ಸಣ್ಣ ವ್ಯತ್ಯಾಸ ಇದ್ದಿರಬಹುದು. ಒಬ್ಬನೇ ಬಸಪ್ಪ ಷೇರಿನಲ್ಲಿ ಒಂದು ಹೆಸರು, ಸಾಲದಲ್ಲಿ ಅಡ್ಡಹೆಸರು, ಠೇವಣಿಯಲ್ಲಿ ಮನೆಯವರ ಹೆಸರಿನಿಂದ ಇರಬಹುದು. ಕಂಪ್ಯೂಟರಿಗೆ ಹಾಕಿದೊಡನೆ ಇವೆಲ್ಲ ಮೇಲೆ ತೇಲುತ್ತವೆ. ಹಿಂದಿನವರಿಂದ ಬಂದ ತಪ್ಪು ತನ್ನ ತಲೆಗೆ ಕಟ್ಟುತ್ತಾರೆಂಬ ಹೆದರಿಕೆಯಿಂದ ಅವರು ದಿನ ಮುಂದೂಡುತ್ತಾರೆ. ಮಂಡಳಿ ಮಾಡಬೇಕಾದ ಮೊದಲ ಕೆಲಸ ಈ ಹೆದರಿಕೆ ತೆಗೆಯುವುದು. ಇಂಥ ತಾರೀಕಿನೊಳಗೆ ಸಿಬ್ಬಂದಿ ತಾವಾಗಿ ಬರೆದು ತಿಳಿಸಿದ ಬರವಣಿಗೆಯ ವ್ಯತ್ಯಾಸಗಳನ್ನು ಲೆಕ್ಕಪರಿಶೋಧಕರ ಮುಂದಿಟ್ಟು ತಿದ್ದಲಾಗುವುದು, ಅದಕ್ಕಾಗಿ ಶಿಸ್ತುಕ್ರಮ ಇಲ್ಲ, ಹಣ ದುರುಪಯೋಗಕ್ಕೆ ಇದು ಅನ್ವಯಿಸದು ಎಂದು ಠರಾವು ಮಾಡಿ ಓದಿ ಹೇಳಿ.

ಹೊತ್ತು ನೋಡಿ ಕೈ ಹಾಕಿ. ಜೂನ್, ಜುಲೈನಲ್ಲಿ ಮುಂಗಾರು ಸಾಲ, ಗೊಬ್ಬರ, ಬೀಜ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಆಡಿಟ್, ವಾರ್ಷಿಕ ಸರ್ವ ಸಾಧಾರಣ ಸಭೆ. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರಿ. ಮಾರ್ಚ್ ವಸೂಲಿಯ ತಿಂಗಳು, ಆಗ ಹೊಸದೇನೂ ಬೇಡ. ತರಬೇತಿ ಡಿಸೆಂಬರಿನಲ್ಲಿ ಮುಗಿಸಿ, ಜನವರಿಯಿಂದ ಕೈಬರಹ ಮತ್ತು ಕಂಪ್ಯೂಟರ್ ಎರಡೂ ಜೊತೆಗೆ ನಡೆಸಿ, ಏಪ್ರಿಲ್ 1ಕ್ಕೆ ಪೂರ್ತಿ ಬದಲಾಗುವುದು ನಮ್ಮ ಕಡೆಗೆ ಹೊಂದುತ್ತದೆ. ವಿಜಯಪುರದವರು ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ, ಬಾದಾಮಿ ಕಡೆಯವರು ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ, ಸವದತ್ತಿ ಕಡೆಯವರು ಭಾರತ ಹುಣ್ಣಿಮೆ ನೋಡಿಕೊಂಡು ದಿನ ಹಾಕಿ. ಜಾತ್ರೆಯ ವಾರ ಹೊಸ ಕೆಲಸ ಇಟ್ಟರೆ ಅರ್ಧ ಕುರ್ಚಿ ಖಾಲಿ ಇರುತ್ತವೆ, ತಪ್ಪು ಬಾರದವರದಲ್ಲ.

ತರಬೇತಿ ದಿನಕ್ಕೆ ಎರಡು ತಾಸು ಸಾಕು. ಒಂದು ಯಂತ್ರಕ್ಕೆ ಇಬ್ಬರಿಗಿಂತ ಹೆಚ್ಚು ಜನ ಬೇಡ. ಒಬ್ಬ ಹಿರಿಯರು, ಒಬ್ಬ ಕಿರಿಯರು ಜೋಡಿಯಾಗಿ ಕೂರಲಿ, ಕೀಲಿ ಒತ್ತುವುದು ಹಿರಿಯರೇ. ಕಿರಿಯರ ಕೈಗೆ ಕೊಟ್ಟರೆ ಅವರು ಪಟಪಟನೆ ಮುಗಿಸಿಬಿಡುತ್ತಾರೆ, ಪಕ್ಕದವರು ನೋಡುತ್ತ ಕೂರುತ್ತಾರೆ. ಕಲಿಯಲು ಬೇರೆ ಉದಾಹರಣೆ ಬೇಕಿಲ್ಲ, ಹಿಂದಿನ ಒಂದು ತಿಂಗಳ ವೋಚರುಗಳನ್ನೇ ಅಭ್ಯಾಸಕ್ಕೆ ಹಾಕಿಸಿ. ಉತ್ತರ ಕೈಬರಹದ ಕಿರ್ದಿಯಲ್ಲಿ ಮೊದಲೇ ಇರುತ್ತದಲ್ಲ.

ಎರಡೂ ಜೊತೆಗೆ ನಡೆಯುವ ಮೂರು ತಿಂಗಳು ಸಿಬ್ಬಂದಿಗೆ ಕೆಲಸ ಇಮ್ಮಡಿ. ಇದನ್ನು ಒಪ್ಪಿಕೊಂಡು ಹೊರೆ ಇಳಿಸಿ: ಕೌಂಟರ್ ಒಂದು ತಾಸು ಮೊದಲೇ ಮುಚ್ಚಿ, ಹದಿನೈದು ದಿನ ಮುಂಚೆ ಬೋರ್ಡಿಗೆ ಹಾಕಿ, ಪಿಗ್ಮಿ ಏಜೆಂಟರ ಮೂಲಕವೂ ಹೇಳಿಸಿ. ಸಂಜೆ ಮೂರು ಅಂಕಿ ತಾಳೆ ನೋಡಿ: ಒಟ್ಟು ಜಮಾ, ಒಟ್ಟು ಖರ್ಚು, ಅಖೇರ ಶಿಲ್ಕು (ದಿನದ ಕೊನೆಗೆ ಉಳಿದ ನಗದು). ವ್ಯತ್ಯಾಸ ಬಂದ ದಿನವೇ ಹುಡುಕಿ, ನಾಳೆಗೆ ಬಿಟ್ಟರೆ ಎರಡು ದಿನದ ವೋಚರ್ ಬಿಚ್ಚಬೇಕಾಗುತ್ತದೆ. ಮೂವತ್ತು ದಿನ ಸತತ ತಾಳೆಯಾಗದೆ ಕೈಬರಹ ನಿಲ್ಲಿಸಬೇಡಿ. ಆಮೇಲೂ ದಿನದ ಕಿರ್ದಿಯ ಪ್ರಿಂಟ್ ತೆಗೆದು ಸಹಿ ಮಾಡಿಸಿ ಫೈಲ್ ಮಾಡಿ. ಕರೆಂಟ್ ಹೋದ ದಿನ ಅದೇ ನಿಮ್ಮ ದಾಖಲೆ.

ಇಲ್ಲಿ ಆಗುವ ದೊಡ್ಡ ತಪ್ಪು ಪಾಸ್‌ವರ್ಡಿನದು. ಕೆಲಸ ಬೇಗ ಆಗಲೆಂದು ಕಾರ್ಯದರ್ಶಿಗಳ ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿರುತ್ತದೆ. ಮುಂದೆ ಒಂದು ತಪ್ಪು ಎಂಟ್ರಿ ಸಿಕ್ಕಾಗ ಮಾಡಿದವರು ಯಾರೆಂದು ಹೇಳಲು ಬರುವುದಿಲ್ಲ, ಇಡೀ ಕಚೇರಿ ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತದೆ. ಪಾಸ್‌ವರ್ಡ್ ಎಂದರೆ ತಿಜೋರಿಯ ಚಾವಿಯೇ ಎಂದು ಮೊದಲ ದಿನದಿಂದ ಹೇಳಿ.

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಹೋದವರಿಗೆ ಇದು ವಿವರಿಸಬೇಕಿಲ್ಲ: ಹೊಸ ಜಾಗ ಎಷ್ಟೇ ಅನುಕೂಲವಿರಲಿ, ಹಳೆಯದರ ಜೊತೆ ಒಂದು ಬದುಕು ಹೋಗಿರುತ್ತದೆ. ಅಂದವಾದ ಅಕ್ಷರದಲ್ಲಿ ಕಿರ್ದಿ ಬರೆದು ಹೆಸರು ಗಳಿಸಿದವರ ಕೊನೆಯ ಪುಸ್ತಕವನ್ನು ಗೋದಾಮಿಗೆ ಎಸೆಯಬೇಡಿ. ಸರ್ವ ಸಾಧಾರಣ ಸಭೆಯಲ್ಲಿ ಅದನ್ನು ತೋರಿಸಿ, ಅವರಿಗೊಂದು ಶಾಲು ಹೊದಿಸಿ, ಪುಸ್ತಕ ಕಪಾಟಿನಲ್ಲಿಡಿ.

ಕೂರಿಸಿ ಮಾತಾಡಿಸುವುದು

ಕೆಲಸದ ಹಾಳೆ ಜಾರಿಗೆ ಬಂದು ತಿಂಗಳಾದರೂ ಇಬ್ಬರ ನಡುವಿನ ಬಿಗುವು ಇಳಿಯದಿದ್ದರೆ ಆಗ ಕೂರಿಸಿ ಮಾತಾಡಿಸಿ. ಎರಡು ತಾಸು ಬೇಕು. ವಸೂಲಿಯ ದಿನ, ಸಂತೆಯ ದಿನ ಬೇಡ. ನಡುವೆ ಮೇಜು ಬೇಡ, ಮೂರು ಕುರ್ಚಿ ತ್ರಿಕೋನವಾಗಿರಲಿ. ಇಬ್ಬರ ಕಡೆಯ ಹಿರಿಯರು, ನೆಂಟರು, ಓಣಿಯವರು ಯಾರೂ ಬರಕೂಡದು. ನಾಲ್ಕು ಜನರ ಮುಂದೆ ಕೂತರೆ ಇಬ್ಬರೂ ಮಾತಾಡುವುದು ಆ ನಾಲ್ಕು ಜನರಿಗಾಗಿ.

ಒಬ್ಬರು ಹತ್ತು ನಿಮಿಷ ಮಾತಾಡಲಿ, ಇನ್ನೊಬ್ಬರು ಕೇಳಿ, ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. "ಹೌದು, ನಾ ಹೇಳಿದ್ದು ಇದ" ಎಂದು ಮೊದಲನೆಯವರು ಒಪ್ಪುವವರೆಗೆ ಎರಡನೆಯವರ ಸರದಿ ಬರುವುದಿಲ್ಲ. ಉದಾಹರಣೆಗೆ ಕ್ಯಾಶಿಯರ್ ಮತ್ತು ಸಾಲದ ಕ್ಲರ್ಕಿನ ನಡುವೆ ಮಾತು ಹೀಗೆ ಬರಬಹುದು:

"ಮೂರರ ಮ್ಯಾಲೆ ವೋಚರ್ ತಂದು ಒಗದ್ರ ನಾ ಕಿರ್ದಿ ಮುಚ್ಚೂದು ಯಾವಾಗ್ರಿ?"

"ಕಾಕಾ, ಸಾಹೇಬ್ರ ಸಹಿ ಆಗೂದ ಎರಡೂವರೆಗೆ. ಅದಕ್ಕಿಂತ ಮೊದಲ ಎಲ್ಲಿಂದ ತರ್ಲಿ ನಾನು?"

ಜಗಳ ಇವರಿಬ್ಬರದಲ್ಲ. ಕಾರ್ಯದರ್ಶಿಗಳು ಬೆಳಿಗ್ಗೆ ಡಿಸಿಸಿ ಬ್ಯಾಂಕಿಗೆ ಹೋಗಿ ಮಧ್ಯಾಹ್ನ ಬರುತ್ತಾರೆ, ಸಹಿಗಳೆಲ್ಲ ಒಟ್ಟಿಗೆ ಆಗುತ್ತವೆ. ಬ್ಯಾಂಕಿಗೆ ಹೊರಡುವ ಮೊದಲು ಅರ್ಧ ತಾಸು, ಬಂದ ಮೇಲೆ ಅರ್ಧ ತಾಸು ಎಂದು ಸಹಿಯ ಹೊತ್ತು ಎರಡು ಮಾಡಿದರೆ ಇಬ್ಬರೂ ನಿರಾಳ. ಮೂರನೆಯವರ ವೇಳಾಪಟ್ಟಿಯ ತೊಡಕನ್ನು ಇಬ್ಬರು ತಮ್ಮ ನಡುವಿನ ವೈರವೆಂದು ವರ್ಷಗಟ್ಟಲೆ ಹೊತ್ತು ತಿರುಗುವುದು ನಿಜಕ್ಕೂ ನೋವಿನ ಸಂಗತಿ.

ಒಪ್ಪಿಗೆಯನ್ನು ಒಂದೇ ಪುಟದಲ್ಲಿ ಬರೆಯಿರಿ. "ಇನ್ನು ಮುಂದೆ ಚೆನ್ನಾಗಿ ನಡೆದುಕೊಳ್ಳುತ್ತೇವೆ" ಎಂದು ಬರೆದದ್ದನ್ನು ಯಾರೂ ಅಳೆಯಲಾರರು. "ಬೆಳಗಿನ ಸಹಿ ಆದ ವೋಚರ್ ಮಧ್ಯಾಹ್ನ 12ರೊಳಗೆ, ಎರಡನೆಯದು 3ರೊಳಗೆ ಕ್ಯಾಶಿಯರ್ ಕೈಗೆ, ತಡವಾದರೆ ಬಾಯಲ್ಲಿ ಹೇಳಿ ಬರುವುದು" ಎಂದು ಬರೆದರೆ ಅಳೆಯಬಹುದು. ಕ್ಷಮೆ ಕೇಳಿ ಎಂದು ಒತ್ತಾಯ ಮಾಡಬೇಡಿ. ಎಲ್ಲರ ಮುಂದೆ ಕಾಲು ಮುಟ್ಟಿಸಿ ರಾಜಿ ಮಾಡಿಸಿದ ಜಗಳ ಮತ್ತೆ ಕೆದಕಿಕೊಳ್ಳುತ್ತದೆ, ಆಗ ಅವಮಾನವೂ ಸೇರಿರುತ್ತದೆ.

ಎಲ್ಲವನ್ನೂ ಹೀಗೆ ಕೂರಿಸಿ ಬಗೆಹರಿಸಲು ಬರುವುದಿಲ್ಲ. ಹಣ ದುರುಪಯೋಗಕ್ಕೆ ನೋಟಿಸು, ದೋಷಾರೋಪ ಪಟ್ಟಿ, ವಿಚಾರಣೆ ಎಂಬ ಹಾದಿಯೇ ಬೇರೆ. ಜಾತಿ ಹಿಡಿದು ಬೈದದ್ದು ಕಾನೂನಿನ ವಿಷಯ, ಅದಕ್ಕೆ ಸಂಘದೊಳಗೆ ರಾಜಿ ಇಲ್ಲ. ಲೈಂಗಿಕ ಕಿರುಕುಳದ ದೂರು ಬಂದರೆ 2013ರ ಕಾಯ್ದೆ ಇದೆ: ಹತ್ತು ಅಥವಾ ಹೆಚ್ಚು ನೌಕರರಿದ್ದರೆ ಆಂತರಿಕ ಸಮಿತಿ ಇರಲೇಬೇಕು, ಕಡಿಮೆ ಇದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ, ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು. ರಾಜಿ ಮಾತು ಆ ಮಹಿಳೆ ತಾನಾಗಿ ಕೇಳಿದರೆ ಮಾತ್ರ, ದುಡ್ಡು ಕೊಟ್ಟು ಮುಗಿಸುವಂತಿಲ್ಲ. "ಮನೆ ಮಾತು ಹೊರಗ ಯಾಕ" ಎಂದು ಅವಳನ್ನು ಸುಮ್ಮನಾಗಿಸುವವರು ಮಂಡಳಿಯಲ್ಲಿದ್ದರೆ ಕಾರ್ಯದರ್ಶಿ ಗಟ್ಟಿಯಾಗಿ ನಿಲ್ಲಬೇಕು.

ನಿರ್ದೇಶಕರು ಮತ್ತು ಸಿಬ್ಬಂದಿ

2023–24ರ ರಾಜ್ಯ ಬಜೆಟ್ ಬಡ್ಡಿರಹಿತ ಬೆಳೆಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಸುದ್ದಿ ಓದಿದ ಸದಸ್ಯರು ತಮ್ಮ ಮಿತಿಯೂ ಏರಬೇಕೆಂದು ಬರುತ್ತಾರೆ, ಸಂಘಕ್ಕೆ ಸಿಗುವ ಹಣಕ್ಕೆ ಅಳತೆ ಇರುತ್ತದೆ. ಆಗ ನಿರ್ದೇಶಕರಿಂದ ನೇರ ಸಾಲದ ಕ್ಲರ್ಕಿಗೆ ಫೋನ್: "ನಮ್ಮ ಮನಷಾನ ಕಡತ ಮೊದಲ ತಗೀರಿ." ಇಬ್ಬರು ನಿರ್ದೇಶಕರು ಎರಡು ಹೆಸರು ಹೇಳಿದರೆ ಕ್ಲರ್ಕ್ ಒಂದು ಕಡೆಯವನಾಗಲೇಬೇಕಾಗುತ್ತದೆ, ಕಚೇರಿ ಎರಡು ಪಕ್ಷವಾಗುತ್ತದೆ.

ಇದಕ್ಕೆ ಔಷಧ ಎರಡು. ಸರದಿಯ ನಿಯಮವನ್ನು (ಸಕಾಲಕ್ಕೆ ಮರುಪಾವತಿ ಮಾಡಿದವರು ಮೊದಲೋ, ಸಣ್ಣ ಹಿಡುವಳಿದಾರರು ಮೊದಲೋ) ಮಂಡಳಿ ಹಂಗಾಮಿಗೆ ಮೊದಲೇ ಠರಾವು ಮಾಡಿ ಬೋರ್ಡಿಗೆ ಅಂಟಿಸಬೇಕು. ನಿರ್ದೇಶಕರ ಯಾವ ಸೂಚನೆಯಾದರೂ ಕಾರ್ಯದರ್ಶಿಗೇ ಬರಬೇಕು, ಅವರು ಅದನ್ನು ಸೂಚನಾ ಪುಸ್ತಕದಲ್ಲಿ ಬರೆಯಬೇಕು. ಬರೆಯುತ್ತಾರೆಂದು ಗೊತ್ತಾದ ಮೇಲೆ ಅರ್ಧ ಫೋನ್ ತಾನೇ ನಿಲ್ಲುತ್ತವೆ. ಮಂಡಳಿಗೂ ನೌಕರರಿಗೂ ನಡುವಿನ ವ್ಯಾಜ್ಯ ಒಳಗೆ ಬಗೆಹರಿಯದೇ ಹೋದರೆ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 70ನೇ ಕಲಮಿನಡಿ ನಿಬಂಧಕರ ಮುಂದೆ ಹೋಗುವ ದಾರಿ ಇದೆ. ಸೌಹಾರ್ದಗಳಿಗೆ 1997ರ ಬೇರೆ ಕಾಯ್ದೆ ಇರುವುದರಿಂದ ಅವರು ಅದನ್ನು ನೋಡಬೇಕು.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘದಿಂದ ನಮ್ಮ ಕಡೆಯ ಸಹಕಾರ ಶುರುವಾಯಿತು. ಊರವರು ಊರವರಿಗೇ ಸಾಲ ಕೊಡುವ ಈ ಏರ್ಪಾಡಿನಲ್ಲಿ ಸಿಬ್ಬಂದಿ, ನಿರ್ದೇಶಕರು, ಸಾಲಗಾರರು ಎಲ್ಲರೂ ಒಂದೇ ಊರಿನವರು, ಎಷ್ಟೋ ಸಲ ಬೀಗರು. ಬರೆದಿಡುವ ರೂಢಿ ಇಲ್ಲಿ ಹೆಚ್ಚು ಬೇಕಾಗುವುದು ಅದಕ್ಕೇ: "ಇಲ್ಲ" ಎನ್ನುವ ಕಷ್ಟವನ್ನು ಮನುಷ್ಯನ ಬದಲು ಹಾಳೆ ಹೊರುತ್ತದೆ.

ಒಪ್ಪಂದದ ಪುಟವನ್ನು ಹದಿನೈದನೆಯ ದಿನ ಮತ್ತು ನಲವತ್ತೈದನೆಯ ದಿನ ಇಬ್ಬರನ್ನೂ ಕರೆದು ತಿರುಗಿ ಓದಿ. ಹದಿನೈದನೆಯ ದಿನ ಎಲ್ಲ ಸರಿಯಾಗಿಯೇ ಕಾಣುತ್ತದೆ, ನಿಜವಾದ ಪರೀಕ್ಷೆ ಎರಡನೆಯದು. ತಪ್ಪಿದ ಸಾಲನ್ನು ಅಲ್ಲೇ ತಿದ್ದಿ ಮತ್ತೆ ಸಹಿ ಮಾಡಿಸಿ. ಪುಟದ ಒಂದೊಂದು ಪ್ರತಿ ಇಬ್ಬರ ಬಳಿ, ಮೂರನೆಯದು ಕಾರ್ಯದರ್ಶಿಗಳ ಬೀಗದ ಕಪಾಟಿನಲ್ಲಿ ಇರಲಿ. ಸೇವಾ ಪುಸ್ತಕಕ್ಕೆ ಅಂಟಿಸಬೇಡಿ, ಅಂಟಿಸುತ್ತಾರೆಂದು ಗೊತ್ತಾದರೆ ಮುಂದಿನ ಸಲ ಯಾರೂ ಕೂರಲು ಬರುವುದಿಲ್ಲ.